ಬೆನ್ನು ಗೋಡೆಯ ಸುಣ್ಣ

ನಮ್ಮ ಕೆರೆಯ ಏರಿ ಮುಗಿಯುವ ಕಡೆ, ಒಂದು ಹಾಸುಬಂಡೆಯ ಮೇಲೆ, ಬಸವಣ್ಣನ ಸಣ್ಣ ಗುಡಿ ಇದೆ. ಬಾಗಿಲು ಊರಿಗೆ, ಬೆನ್ನು ನೀರಿಗೆ. ಊರಿನ ಆಚೆ ಕುರುಗೋಡು ಸೀಮೆಯ ಗುಡ್ಡ, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟ ಹಾಗೆ. ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷದಿಂದ ನೋಡುತ್ತಿದ್ದೇನೆ. ಗುಡಿಯ ಮುಂದಿನ ಗೋಡೆಗೆ ಹೆಂಗಸರು ಸುಣ್ಣ, ಕೆಂಪು ಜಾಜಿನ ಪಟ್ಟೆ ಬಳಿಯುತ್ತೇವೆ. ಬೆನ್ನು ಗೋಡೆಯನ್ನು ಮಾತ್ರ ಹರಗೋಲಿನ ಗಂಡಸರು ತಾವೇ ಬಳಿಯುತ್ತಾರೆ, ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ. ಬರೀ ಸುಣ್ಣ, ಜಾಜಿನ ಒಂದು ಗೆರೆಯೂ ಇಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಲೆಗೆ ಯಾಕೆ ಮೂರೇ ಗುಂಡು ಅಂತ ಅವರು ನನ್ನನ್ನು ಕೇಳಿದ್ದಾರೆಯೇ?

ನಮ್ಮ ಮನೆಯವರು ಹರಗೋಲಿನಲ್ಲಿ ಹೋಗಿ ಬಲೆ ಹಾಕುವವರು. ಬಿದಿರು ಹೆಣೆದು, ತಳಕ್ಕೆ ತಾಡಪಾಲು ಹೊಲಿದು, ಡಾಂಬರು ಬಳಿದ ದುಂಡನೆಯ ದೋಣಿ ಅದು. ಹೆಂಗಸರು ಅದನ್ನು ಹತ್ತುವ ರೂಢಿ ನಮ್ಮಲ್ಲಿ ಇರಲಿಲ್ಲ. ಹತ್ತಬಾರದು ಅಂತ ಯಾರೂ ಅಂದದ್ದಿಲ್ಲ, ಹತ್ತುವ ಕೆಲಸ ಬಿದ್ದದ್ದಿಲ್ಲ, ಅಷ್ಟೆ. ಹಾಗಾಗಿ ನಾನು ಮೀನು ತೊಳೆದವಳೇ ಹೊರತು ಕೆರೆಯ ಒಳಗಿನ ಸುದ್ದಿ ತಿಳಿದವಳಲ್ಲ. ಒಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಕಾಲುವೆ ನೀರು ಬಾರದ ವರ್ಷಗಳಲ್ಲಿ ಕೆರೆಯ ಒಡಲಲ್ಲಿ ಜಾಲಿ ಬೆಳೆದಿತ್ತು. ಉರುವಲಿಗೆ ಕಡಿದವರು ಮರ ಒಯ್ದರು, ಬೊಡ್ಡೆ ಬಿಟ್ಟರು. ಆಮೇಲೆ ನೀರು ಬಂದು ಮುಚ್ಚಿತು. ಮೇಲಿಂದ ನೋಡಿದರೆ ತಟ್ಟೆಯಂಥ ನೀರು, ಗೇಣು ಕೆಳಗೆ ಈಟಿಯಂಥ ಮೊನೆ. ಆ ಬೊಡ್ಡೆಗಳ ನಡುವೆ ಹರಗೋಲು ಹೋಗುವ ಒಂದೇ ಒಂದು ದಾರಿ ಇತ್ತು.

ಒಂದು ವರ್ಷ ಊರವರೆಲ್ಲ ಬಸ್ಸು ಮಾಡಿಕೊಂಡು ಗೋಕರ್ಣಕ್ಕೆ ಹೋಗಿದ್ದೆವು. ದಾರಿಯಲ್ಲಿ ಕಡಲ ದಂಡೆಯ ದಿಬ್ಬದ ಮೇಲೆ ದೀಪದ ಗೋಪುರ ಕಂಡಿತು. ಹಡಗಿನವರು ಅದನ್ನು ನೋಡಿ ದಾರಿ ತಿಳಿಯುತ್ತಾರೆ ಅಂತ ಡ್ರೈವರು ಹೇಳಿದ. ನಮ್ಮ ಮನೆಯವರು ಕಿಟಕಿಯಿಂದ ತಲೆ ಹಾಕಿ ಅದನ್ನು ಬಹಳ ಹೊತ್ತು ನೋಡಿದರು.

"ಇವ್ರಿಗೆ ಸರ್ಕಾರ ದೀಪಾ ಹಚ್ಚೈತಿ. ನಮಗ ಬಸವಣ್ಣ ಸುಣ್ಣಾ ಹಚ್ಕೊಂಡು ಕುಂತಾನ" ಅಂದರು.

ನಾನು ಕೈ ಮುಗಿದೆ. ಭಕ್ತಿಯ ಮಾತು ಅಂದುಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು ಅಂತ ಆಗ ನನಗೆ ಹೊಳೆಯಲಿಲ್ಲ.

ಅದಾಗಿ ಎರಡು ಮೂರು ವರ್ಷಕ್ಕೆ ಅವರ ಕಣ್ಣು ಮಂಜಾಗತೊಡಗಿತು. ಅವರು ಹೇಳಲಿಲ್ಲ, ನಾನು ಕಂಡುಕೊಂಡೆ. ಹರಿದ ಬಲೆಯನ್ನು ತಾವೇ ಹೆಣೆಯುತ್ತಿದ್ದವರು, ಬೆರಳು ನೋಯುತ್ತವೆ ಅಂತ ಸೂಜಿಯನ್ನು ನನ್ನ ಕೈಗೆ ಕೊಟ್ಟರು. ಲೋಟದ ಅಂಚಿಗೆ ಬೆರಳು ಇಟ್ಟುಕೊಂಡು ಚಹಾ ಸುರಿಯುತ್ತಿದ್ದರು. ಬಸ್ಸು ಬಂದರೆ ಬೋರ್ಡು ಓದದೆ ಕಂಡಕ್ಟರನ್ನು ಕೇಳುತ್ತಿದ್ದರು.

"ಬಳ್ಳಾರಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬರೂಣು ನಡೀರಿ" ಅಂದರೆ ಸಿಟ್ಟಿಗೇಳುತ್ತಿದ್ದರು.

"ಕಣ್ಣಿಗೇನಾಗೈತಿ? ಮೀನು ಕಾಣ್ತಾವು, ನೀ ಕಾಣ್ತಿ. ಇನ್ನೇನು ಬೇಕು?"

"ನಾ ಹೆಂಗ ಕಾಣ್ತೀನಿ?"

"ಮೊದಲಿನಕಿಂತ ಚಂದ ಕಾಣ್ತಿ. ಸುಮ್ನಿರು."

ಒಂದು ದಿನ ಮಾತ್ರ ನಿಜ ಬಾಯಿಗೆ ಬಂತು. "ಕಣ್ಣು ಮಂಜಾಗ್ಯಾವು ಅಂತ ಒಬ್ಬರ ಕಿವಿಗೆ ಬಿದ್ರ ಸಾಕು, ನನ್ನ ಹರಗೋಲು ಬೋರಲು ಹಾಕಿಸ್ತಾರ. ಆಪರೇಷನ್ ಕೆಟ್ರ ಇರೋ ಬೆಳಕೂ ಹೋಗ್ತೈತಿ. ಆಮ್ಯಾಲ ಏರಿ ಮ್ಯಾಲ ಕುಂತು ಕಾಗಿ ಓಡಸ್ಲ್ಯಾ?" ಅಂದರು.

ಹರಗೋಲನ್ನು ದಡದಲ್ಲಿ ಬೋರಲು ಹಾಕಿದರೆ ಆ ಮನೆಯ ಗಂಡಸಿನ ನೀರಿನ ಕೆಲಸ ಮುಗಿದ ಹಾಗೆ. ಅವರಿಗೆ ಅದೇ ಭಯ. ನನ್ನ ಭಯ ಬೇರೆ. ಹರಗೋಲು ಹೋದರೆ ಹೋಯಿತು, ಅವರು ದಡಕ್ಕೆ ಬರಬೇಕಲ್ಲ. ದಿನಾ ಸೂರ್ಯ ಮಾರುದ್ದ ಏರುವ ಹೊತ್ತಿಗೆ ಏರಿಯ ಮೇಲೆ ಅವರ ಕೆಮ್ಮು ಕೇಳಿಸಿದರೆ, ಇವತ್ತಿನದು ಬಂತಪ್ಪಾ ಬಸವಣ್ಣ ಅಂತ ಒಲೆಯ ಮುಂದೆಯೇ ತಲೆ ಬಾಗಿಸುತ್ತಿದ್ದೆ. ಇಂಥ ಸಣ್ಣ ಸಣ್ಣ ಕರುಣೆಗಳನ್ನು ಎಣಿಸಿಕೊಂಡೇ ನಾನು ಬಾಳುವೆ ಮಾಡಿದವಳು.

ಹೀಗಿರುವಾಗ ಸಿರುಗುಪ್ಪಕ್ಕೆ ಕೊಟ್ಟ ನಮ್ಮ ಮಗಳು ಬಸುರಿಯಾದಳು. ಏಳನೇ ತಿಂಗಳಿಗೆ ಕಾಲು ಬಾತವು, ರಕ್ತದ ಒತ್ತಡ ಏರಿತು. ಪ್ರಯಾಣ ಬೇಡ ಅಂದರು ಡಾಕ್ಟರು, ತವರಿಗೆ ಕರೆತರಲಾಗಲಿಲ್ಲ. ನಾನು ಗುಡಿಯಲ್ಲಿ ಹರಕೆ ಹೊತ್ತೆ. ತಾಯಿ ಮಗು ಉಳಿದರೆ ನಿನ್ನ ಗುಡಿಗೆಲ್ಲ ಬಣ್ಣ ಹಚ್ಚಿಸುತ್ತೇನೆ ಅಂತ. ಉಳಿದರು. ಹೆಣ್ಣು ಮಗು, ಅಳುವಿಗೆ ಮಾತ್ರ ಗಂಡಿನ ಗಂಟಲು.

ತೊಟ್ಟಿಲ ಶಾಸ್ತ್ರಕ್ಕೆ ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ಮೊಮ್ಮಗಳನ್ನು ಬಿಟ್ಟು ಏಳಲಾರೆ ಅಂತ ಅವರು ಅಲ್ಲೇ ಉಳಿದರು. ಮನೆಯಲ್ಲಿ ಎಮ್ಮೆ ಇತ್ತು, ನಾನು ಹೊರಟೆ. ಹೊರಟವಳು ನೆಟ್ಟಗೆ ಬಳ್ಳಾರಿಗೆ ಹೋಗಿ ಬಣ್ಣದ ಅಂಗಡಿಯಲ್ಲಿ ನಿಂತೆ. ಅವರು ಬರುವುದರೊಳಗೆ ಹರಕೆ ತೀರಿಸಿ ಬೆರಗುಗೊಳಿಸಬೇಕು ಅಂತ ಆಸೆ.

"ಏಮ್ಮಾ, ಸುಣ್ಣ ಗಿಣ್ಣ ಯಾರು ಹಚ್ತಾರಮ್ಮ ಈಗ?" ಅಂದ ಅಂಗಡಿಯವನು. "ಕಲ್ಲಿನ ಬಣ್ಣ ತಗೊಳ್ಳಿ. ಸಿಟೀಲಿ ಹೊಸ ಗುಡಿಗಳು ಎಲ್ಲಾ ಇದೇ. ಮಳೆ ಬಂದ್ರೂ ಹೋಗಲ್ಲ, ಧೂಳು ಕೂತ್ರೂ ಕಾಣಲ್ಲ."

ಬಣ್ಣ ತೋರಿಸಿದ. ತೊಳೆದ ಕರಿಗಲ್ಲಿನ ಹಾಗೆ ಗಂಭೀರವಾಗಿತ್ತು. ನಿಜವಾದ ಕಲ್ಲುಗುಡಿಯ ಹಾಗೆ ಕಾಣುತ್ತದೆ ನಮ್ಮ ಬಸವಣ್ಣನದು ಅಂತ ಮನಸ್ಸು ತುಂಬಿತು. ಡಬ್ಬಿಗಳನ್ನು ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದೆ.

ಕುರುಗೋಡಿನಿಂದ ಬಂದ ಪೇಂಟರು ಮುಂದಿನದೆಲ್ಲ ಮುಗಿಸಿ ಬ್ರಷ್ ಒರೆಸಿದ.

"ಅಕ್ಕಾರ, ಹಿಂದಿನ ಗ್ವಾಡಿ ಸುಣ್ಣದ್ದು ಹಂಗs ಇರ್ಲಿ ಬಿಡ್ರಿ. ಅಲ್ಲಿ ಯಾರು ನೋಡ್ತಾರ?"

"ದೇವ್ರಿಗೆ ಹಿಂದು ಮುಂದು ಐತೇನು? ಎದಿಗೆ ರೇಷ್ಮಿ, ಬೆನ್ನಿಗೆ ಹರಕು ಅಂದ್ರ ನಿಮ್ಮತ್ತಿಗೆ ಉಡಸ್ತೀಯೇನು?"

ಅವನು ನಕ್ಕು ಏಣಿಯನ್ನು ಹಿಂದಕ್ಕೆ ಹೊತ್ತ. ಬೆನ್ನು ಗೋಡೆಗೆ ಎರಡು ಕೋಟು ಹಚ್ಚಿದ. ತಡೆಯುವವರು ಯಾರೂ ಇರಲಿಲ್ಲ. ಉಳಿದ ಎರಡು ಹರಗೋಲಿನವರು ಭತ್ತದ ಕೊಯ್ಲಿಗೆ ಅಂತ ತೆಕ್ಕಲಕೋಟೆ ಕಡೆ ಹೋಗಿದ್ದರು. ನಮ್ಮವರ ಸೋದರಮಾವ, ಹಿಂದೆ ಹರಗೋಲು ಹಾಕುತ್ತಿದ್ದ ಹಿರಿಯರು, ಜ್ವರ ಬಂದು ನಾಲ್ಕು ದಿನದಿಂದ ಕಂಬಳಿ ಹೊದ್ದು ಮಲಗಿದ್ದರು.

ನಮ್ಮವರು ಮೂರನೇ ದಿನ ಕೊನೆ ಬಸ್ಸಿಗೆ ಬಂದರು. ಬೀಗರು ಕೊಟ್ಟ ಜೋಡಿ ಧೋತರ ನನ್ನ ಕೈಗೆ ಇಟ್ಟು, ಮೊಮ್ಮಗಳು ಬೆರಳು ಹಿಡಿದ ಕತೆ ಹೇಳುತ್ತ ಉಂಡು ಮಲಗಿದರು. ಗುಡಿಯ ಸುದ್ದಿ ನಾನು ಎತ್ತಲಿಲ್ಲ. ಬೆಳಿಗ್ಗೆ ಅವರೇ ನೋಡಲಿ ಅಂತ. ಅವರು ಬೆಳಕು ಹರಿಯುವ ಮುಂಚೆ, ಕತ್ತಲಲ್ಲೇ, ಗುಡಿಗೆ ಬೆನ್ನು ಮಾಡಿ ಆಚೆ ದಡದ ಕಡೆ ಹುಟ್ಟು ಹಾಕಿಕೊಂಡು ಹೋಗಿದ್ದರು. ಫೋನು ನೀರಿಗೆ ಬಿದ್ದೀತು ಅಂತ ಯಾವಾಗಲೂ ಮನೆಯಲ್ಲೇ ಬಿಡುತ್ತಿದ್ದರು.

ಬಿಸಿಲು ಬಿದ್ದ ಮೇಲೆ ನಾನು ಹೂವು, ತಂಬಿಗೆ ಹಿಡಿದು ಗುಡಿಗೆ ಹೋದೆ. ಮಂಜು ಆಗಷ್ಟೇ ನೀರಿನ ಮೇಲಿಂದ ಏಳುತ್ತಿತ್ತು. ಮಾವ ಜ್ವರ ಬಿಟ್ಟು ಕೋಲೂರಿಕೊಂಡು ಏರಿಯ ಮೇಲೆ ಬರುತ್ತಿದ್ದರು. ದೂರದಲ್ಲೇ ನಿಂತುಬಿಟ್ಟರು.

"ಯವ್ವಾ, ಗ್ವಾಡಿ ಎಲ್ಲಿ ಹ್ವಾತು?"

"ಇಲ್ಲೇ ಐತಲ್ರೀ ಮಾವ. ಹೆಂಗೈತಿ? ಬಳ್ಳಾರಿ ಬಣ್ಣ!"

ಅವರು ನಗಲಿಲ್ಲ. "ಅಂವ ಎಲ್ಲೆದಾನ?"

"ನಸುಕಿನ್ಯಾಗ ಹ್ವಾದ್ರು."

ಮಾವ ಅಲ್ಲೇ, ಏರಿ ನೀರಿನ ಕಡೆ ಬಾಗುವಲ್ಲಿ, ಕಲ್ಲಿನ ಮೇಲೆ ಕುಳಿತರು. ಬಾ ಇಲ್ಲಿ ಅಂತ ಕರೆದು, ಕೋಲಿನಿಂದ ತೋರಿಸಿದರು. ಅವರು ಕುಳಿತ ಕಡೆಯಿಂದ ನಾನೂ ನೋಡಿದೆ. ಹಿಂದಿನ ಗುಡ್ಡದ ಬಂಡೆಗಳ ಬಣ್ಣವೂ ಗುಡಿಯ ಬಣ್ಣವೂ ಒಂದೇ ಆಗಿ, ಗುಡಿ ಗುಡ್ಡದೊಳಗೆ ಹೋಗಿಬಿಟ್ಟಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಕೆರೆಯ ಲೆಕ್ಕವನ್ನು ಒಬ್ಬ ಹೆಂಗಸಿಗೆ ಬಿಡಿಸಿ ಹೇಳಿದರು. ನೀರಿನ ಮೇಲಿಂದ ನೋಡಿದರೆ ಗುಡ್ಡದಲ್ಲಿ ಎದ್ದು ನಿಂತ ಗುಂಡುಬಂಡೆ ಒಂದು ಕಾಣುತ್ತದೆ. ಅದು ಬಿಳಿ ಗೋಡೆಯ ನೆತ್ತಿಯ ಮೇಲೆ ಸರಿಯಾಗಿ ಕುಳಿತರೆ ಹರಗೋಲು ದಾರಿಯಲ್ಲಿದೆ. ಎಡಕ್ಕೋ ಬಲಕ್ಕೋ ಜಾರಿದರೆ ಜಾಲಿ ಬೊಡ್ಡೆಯ ಮೇಲಿದೆ. ಇದನ್ನು ಅವರು ಜೋಡಿ ಅನ್ನುತ್ತಾರೆ. ಹೋಗುವಾಗ ದಡದಿಂದ ಹುಟ್ಟು ಎಣಿಸಿಕೊಂಡು ಕತ್ತಲಲ್ಲೂ ಹೋಗಬಹುದು, ಬಲೆ ಎತ್ತಿ ಎಲ್ಲಿಂದಲೋ ಬರುವಾಗ ಜೋಡಿಯೇ ಗತಿ. ಮಂಜು ಇದ್ದರೆ ಆಚೆ ದಡದಲ್ಲೇ ಕೂತು, ಜೋಡಿ ಕೂಡಿದ ಮೇಲೆ ಹೊರಡುತ್ತಾರೆ.

"ಮಂಜು ಏಳಾಕತ್ತೈತಲ್ರೀ ಮಾವ, ಬಂಡಿ ಕಾಣ್ತೈತಿ" ಅಂದೆ.

"ನಿನಗ ಕಾಣ್ತೈತಿ. ಅವನ ಕಣ್ಣಾಗಿನ ಮಂಜು ಏಳಂಗಿಲ್ಲವ್ವಾ."

ಮಾವನಿಗೂ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿಲ್ಲ ಅಂತ ನಾನು, ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ ಅಂತ ಅವರು, ಒಬ್ಬ ಮನುಷ್ಯನ ಮಾನ ಕಾಯುತ್ತ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು.

ಅಷ್ಟರಲ್ಲಿ ನೀರಿನ ಮೇಲೆ ಕರೀ ಚುಕ್ಕೆ ಕಂಡಿತು. ಅದು ನಮ್ಮ ಕಡೆ ಬರುತ್ತಿರಲಿಲ್ಲ. ಅಡ್ಡಡ್ಡ ಹೋಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಈ ಕಡೆ ಬರುತ್ತಿತ್ತು, ಕತ್ತಲ ಕೋಣೆಯಲ್ಲಿ ಬಾಗಿಲು ತಡಕುವವರ ಹಾಗೆ. ನಾನು ಕೂಗಲು ಬಾಯಿ ತೆಗೆದೆ. ಮಾವ ಕೋಲು ಎತ್ತಿದರು.

"ಕೂಗಬ್ಯಾಡ! ಗುಡ್ಡ ತಿರುಗಿ ಕೂಗ್ತೈತಿ. ಅದರ ದನೀ ಕಡಿ ಹ್ವಾದ್ರ ಬೊಡ್ಡಿ ಮ್ಯಾಲs ಹೋಗ್ತಾನ. ಬಿಳೀದು ಏನೈತಿ ಮನ್ಯಾಗ? ತಾ!"

ಮನೆ ಹತ್ತಿರ. ಓಡಿದೆ. ಕೈಗೆ ಮೊದಲು ಸಿಕ್ಕದ್ದು ಬೀಗರು ಕೊಟ್ಟ ಜೋಡಿ ಧೋತರ, ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಗುಡಿಯ ಹಿಂದೆ, ನೀರಿನ ಕಡೆ, ಒಂದು ಮೊಳ ಅಗಲದ ಕಟ್ಟೆ ಇದೆ. ಅದರ ಮೇಲೆ ಹತ್ತಿ, ದೀಪ ತೂಗುಹಾಕುವ ಕಬ್ಬಿಣದ ಕೊಂಡಿಗೆ ಒಂದು ಚುಂಗು ಕಟ್ಟಿದೆ. ಇನ್ನೊಂದು ಚುಂಗು ಕಟ್ಟಲು ಏನೂ ಇರಲಿಲ್ಲ. ಎರಡೂ ಕೈ ಎತ್ತಿ ತಲೆಯ ಮೇಲೆ ಹಿಡಿದು ನಿಂತೆ. ಕೆಳಗಿನ ಅಂಚನ್ನು ಮಾವ ಕೋಲಿನಿಂದ ಒತ್ತಿ ಹಿಡಿದರು.

"ಬೀಸಬ್ಯಾಡ, ಬಿಗಿ ಹಿಡಿಯವ್ವಾ. ಗ್ವಾಡಿ ಅಲ್ಲಾಡ್ತೈತೇನು?"

ನಾನು ಗೋಡೆಯಾಗಿ ನಿಂತೆ. ನನಗೆ ಬಟ್ಟೆಯ ಬಿಳುಪು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಓಂ ನಮಃ ಶಿವಾಯ ಅನ್ನುತ್ತಿದ್ದೆ, ನಡುವೆ ನಡುವೆ ಏನಾತ್ರೀ ಮಾವ ಅನ್ನುತ್ತಿದ್ದೆ. ತೋಳು ಮೊದಲು ನೋಯಿತು, ಆಮೇಲೆ ನನ್ನದಲ್ಲದ ಹಾಗೆ ಆಯಿತು. ಮಾವ ಒಂದೊಂದೇ ಮಾತು ಇಳಿಸುತ್ತಿದ್ದರು. ನಿಂತಾನ. ತಿರುಗ್ಯಾನ. ಈ ಕಡಿ ಬರಾಕತ್ತಾನ. ಅಯ್ಯ, ತಗಲ್ತು. ಮುಂದಿನ ಮಾತು ಬರುವಷ್ಟರಲ್ಲಿ ನಾನು ಗೊತ್ತಿದ್ದ ಎಲ್ಲ ದೇವರಿಗೂ ಬೇಡಿಕೊಂಡು ಮುಗಿಸಿದ್ದೆ. ಬಿಡಿಸ್ಕೊಂಡ, ಅಂದರು ಕೊನೆಗೆ. ತಂಬಿಗಿಲೆ ನೀರು ಹೊರಗ ಚೆಲ್ಲಾಕತ್ತಾನ. ಬಂದ.

ಹುಟ್ಟಿನ ಸಪ್ಪಳ ಕೇಳಿಸಿತು. ಅದರ ಹಿಂದೆ ಅವರ ದನಿ.

"ಮಾವಾ! ಬಸವಣ್ಣಗ ಏನಾಗೈತಿ ಇವತ್ತ? ಗಡಗಡ ನಡಗಾಕತ್ತಾನ!"

"ಚಳಿ ಹತ್ತೈತಿ. ನಿನ್ನ ಹೇಂತಿ ಧೋತರ ಹೊದಿಸ್ಯಾಳ" ಅಂದರು ಮಾವ. ಹೇಳಿದವರು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ನಾನು ಕೈ ಇಳಿಸಿದೆ. ಹರಗೋಲಿನ ತಾಡಪಾಲು ಒಂದು ಕಡೆ ಸೀಳಿತ್ತು, ಪಾದ ಮುಳುಗುವಷ್ಟು ನೀರು. ಅವರು ಮೇಲೆ ಬಂದು ಗೋಡೆಯ ಮೇಲೆ ಅಂಗೈ ಆಡಿಸಿದರು. ನುಣ್ಣಗಿತ್ತು.

"ಯಾರಲೇ ಹೇಳಿದ್ರು ನಿನಗ ಇದನ್ನ ಹಚ್ಚು ಅಂತ?"

"ಯಾರೂ ಹೇಳಲಿಲ್ಲ. ಹಚ್ಚಬ್ಯಾಡ ಅಂತಾನೂ ಇಷ್ಟ ವರ್ಷದಾಗ ಯಾರೂ ಹೇಳಲಿಲ್ಲ" ಅಂದೆ. ಅಳು ಬಂತು. ನಾನೇ ಹರಕೆ ಹೊತ್ತು, ನಾನೇ ಮಡಿಲಲ್ಲಿಟ್ಟು ತಂದ ಬಣ್ಣ. ಅವರ ದಾರಿಯನ್ನು ನಾನೇ ಅಳಿಸಿದ್ದೆ.

ಅವರು ಇನ್ನೂ ಬೈಯುತ್ತಿದ್ದರೇನೋ. ಮಾವ ನಡುವೆ ಬಂದರು.

"ಅಕಿನ್ನ ಬಿಡು. ನಿನಗ ಬಂಡಿ ಕಾಣ್ತಿತ್ತೇನು? ಖರೇ ಹೇಳು."

ಅವರು ನೀರಿನ ಕಡೆ ನೋಡಿದರು. "ಇಲ್ಲ. ವರ್ಷಾತು."

"ಅಂದ್ರ ಗ್ವಾಡಿ ಒಂದs ನೋಡ್ಕೊಂಡು ಬರ್ತಿದ್ದಿ."

"ಹೂಂ."

"ಒಂದು ಗುರ್ತು ಗುರ್ತs ಅಲ್ಲಲೇ. ಒಂದು ಗುರ್ತು ಇದ್ದಾಂವಗ ಊರು ಎಲ್ಲೈತಿ ಅಂತ ತಿಳಿತೈತಿ. ತಾ ಎಲ್ಲದೀನಿ ಅಂತ ತಿಳಿಯಂಗಿಲ್ಲ. ವರ್ಷಾ ಅಂತಿ. ನೀ ಬಂದಿಲ್ಲ, ಅಂವ ತಂದಾನ" ಅಂತ ಮಾವ ಗುಡಿಯ ಕಡೆ ಕೋಲು ತೋರಿಸಿದರು. "ನಾ ಊರಾಗ ಹೇಳಂಗಿಲ್ಲ. ಆದ್ರ ಕಣ್ಣು ತೋರಿಸದs ಇನ್ನೊಮ್ಮಿ ಒಬ್ಬನs ನೀರಿಗೆ ಇಳದ್ರ, ಹರಗೋಲು ನಾನs ಬೋರಲು ಹಾಕ್ತೀನಿ."

ಅವರ ಮುಖ ನೋಡಲಾಗಲಿಲ್ಲ ನನಗೆ. ಬೋರಲು ಅನ್ನುವ ಮಾತು ಕೇಳಿ ಅಷ್ಟು ದೊಡ್ಡ ಆಳು ಸಣ್ಣಗಾಗಿಬಿಟ್ಟರು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಒಬ್ಬರs ಹೋಗಂಗಿಲ್ಲ. ನಾ ಕುಂದರ್ತೀನಿ. ಬಂಡಿ ನನಗ ಕಾಣ್ತೈತಿ."

"ನೀ? ಹರಗೋಲಿನ್ಯಾಗ?"

"ಯಾಕ, ಮುಳುಗ್ತೈತೇನು?"

"ನಿನ್ನ ಭಾರಕ್ಕ ನೀರು ಏರಿ ದಾಟ್ತೈತಿ" ಅಂದರು. ಆದರೆ ಬೇಡ ಅನ್ನಲಿಲ್ಲ.

ಮರುದಿನವೇ ಬಳ್ಳಾರಿಗೆ ಹೋದೆವು. ಎರಡೂ ಕಣ್ಣಿಗೆ ಪೊರೆ ಅಂದರು ಡಾಕ್ಟರು, ಹೆದರುವಂಥದ್ದಲ್ಲ, ಒಂದೊಂದಾಗಿ ತೆಗೆಯೋಣ ಅಂದರು. ಮೊದಲನೆಯದಕ್ಕೆ ಎರಡು ತಿಂಗಳು ಮುಂದಿನ ದಿನ ಕೊಟ್ಟರು. ಊರಿಗೆ ಬಂದು ಗೋಡೆಗೆ ಸುಣ್ಣ ಬಳಿದರೆ ಆ ಬಣ್ಣದ ಮೇಲೆ ನಿಲ್ಲಲೇ ಇಲ್ಲ, ಒಣಗಿ ಹಪ್ಪಳದ ಹಾಗೆ ಎದ್ದು ಉದುರಿತು. ಇಟ್ಟಿಗೆ ಚೂರು ಹಿಡಿದು ಇಬ್ಬರೂ ನಾಲ್ಕು ದಿನ ಉಜ್ಜಿದೆವು. ಬಳ್ಳಾರಿ ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಅದು ಮಳೆಗೇನು, ನಮಗೂ ಹೋಗಲಿಲ್ಲ. ಕೊನೆಗೆ ಗಾರೆ ಕಾಣುವಷ್ಟು ಕೆರೆದು ಮೂರು ಸಲ ಸುಣ್ಣ ಕುಡಿಸಿದ ಮೇಲೆ ಗೋಡೆ ಬೆಳ್ಳಗಾಯಿತು. ಹರಕೆಯನ್ನು ನಾನೇ ಕೆರೆದು ತೆಗೆದೆನಲ್ಲ ಅಂತ ಮೊದಲು ಕಸಿವಿಸಿಯಾಯಿತು. ಸುಣ್ಣವೂ ಬಣ್ಣವೇ ಅಲ್ಲವೇ ಅಂತ ಆಮೇಲೆ ಸಮಾಧಾನ ಮಾಡಿಕೊಂಡೆ. ಬಸವಣ್ಣನೂ ಒಪ್ಪಿಕೊಂಡಿರಬೇಕು.

ಆ ಎರಡು ತಿಂಗಳು ದಿನಾ ಬೆಳಿಗ್ಗೆ ಹರಗೋಲಿನಲ್ಲಿ ಕುಳಿತೆ. ಮೊದಲ ವಾರ ಅಂಚು ಬಿಡಲಿಲ್ಲ. ಅದು ದುಂಡನೆಯದು, ಹುಟ್ಟು ಹಾಕಿದಾಗೆಲ್ಲ ಸ್ವಲ್ಪ ತಿರುಗುತ್ತದೆ, ಊರು ಒಮ್ಮೆ ಬಲಗಿವಿಗೆ, ಒಮ್ಮೆ ಎಡಗಿವಿಗೆ ಬರುತ್ತದೆ. ಬರಬರುತ್ತ ಧೈರ್ಯ ಬಂತು. ಬಂಡೆ ನೆತ್ತಿಯ ಮೇಲೆ ಕುಳಿತಿದೆ, ಎಡಕ್ಕೆ ಜಾರಿತು, ಈಗ ಸರಿಹೋಯಿತು ಅಂತ ನಾನು ಹೇಳುವುದು, ಅವರು ಹುಟ್ಟು ತಿರುಗಿಸುವುದು. ಮನೆಯಲ್ಲಿ ನನ್ನ ಒಂದು ಮಾತಿಗೆ ಹತ್ತು ಆಡುವವರು ನೀರಿನ ಮೇಲೆ ಮರುಮಾತಿಲ್ಲದೆ ತಿರುಗುತ್ತಿದ್ದರು. ಅಲ್ಲಿಂದ ನೋಡಿದರೆ ಗುಡಿಯ ಬಾಗಿಲು ಕಾಣುವುದಿಲ್ಲ, ಗಂಟೆ ಕಾಣುವುದಿಲ್ಲ, ನಾನು ಮೂವತ್ತು ವರ್ಷ ಸಾರಿಸಿದ ಮುಂದಿನ ಕಟ್ಟೆಯೂ ಇಲ್ಲ. ಒಂದು ಬಿಳಿ ಚೌಕ, ಅಷ್ಟೆ. ನಾನು ಎದುರಿಗೆ ನಿಂತು ಅದು ಕೊಡು ಇದು ಕೊಡು ಅಂತ ಕೇಳುತ್ತಿದ್ದ ಹೊತ್ತಿನಲ್ಲೆಲ್ಲ, ಅವನು ಬೆನ್ನಿನಿಂದ ಇವರನ್ನು ಮನೆಗೆ ಕಳಿಸುತ್ತಿದ್ದ. ಇವರ ಕಣ್ಣು ಮಂಜಾಗುವವರೆಗೆ ನಾನು ಕೇಳಿದ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಮೊದಲ ಕಣ್ಣಿನ ಆಪರೇಷನ್ ಸುಸೂತ್ರವಾಯಿತು. ಕಪ್ಪು ಕನ್ನಡಕ ಹಾಕಿಕೊಂಡು, ಹೊಗೆ ಬೇಡ, ಧೂಳು ಬೇಡ ಅಂತ ದಿನ ಕಳೆದು, ಡಾಕ್ಟರು ಸರಿ ಅಂದ ಮೇಲೆ ಮತ್ತೆ ನೀರಿಗೆ ಇಳಿದೆವು. ಅಷ್ಟರಲ್ಲಿ ಬೇಸಿಗೆ ಬಂದು ಕೆರೆ ಇಳಿದಿತ್ತು. ನಡುನೀರಿನಲ್ಲಿ ಅವರು ಹುಟ್ಟು ಎತ್ತಿ ಹಿಡಿದು ಗುಡ್ಡದ ಕಡೆ ನೋಡುತ್ತ ಕುಳಿತರು.

"ಕಾಣ್ತೈತೇನ್ರೀ?"

"ಕಾಣ್ತೈತಿ" ಅಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ಇಷ್ಟು ದಿನ ಯಾವ ಬಂಡಿ ಹೇಳ್ತಿದ್ದಿ ನೀ?" ಅಂದರು.

ತೋರಿಸಿದೆ.

"ಅದಲ್ಲಲೇ! ನಮ್ಮದು ಅದರ ಎಡಕಿಂದು. ತುದೀಗೆ ಬಿರುಕು ಐತಿ ನೋಡು."

ನನಗೆ ಎರಡೂ ಒಂದೇ ಥರ ಕಂಡವು. ಅವರು ನಾನು ಇಷ್ಟು ದಿನ ಹೇಳಿದ ಬಂಡೆಯನ್ನೇ ಗೋಡೆಯ ನೆತ್ತಿಗೆ ಇಟ್ಟುಕೊಂಡು ಮೆಲ್ಲಗೆ ಹುಟ್ಟು ಹಾಕಿದರು. ನೀರು ಇಳಿದಿದ್ದರಿಂದ ಬೊಡ್ಡೆಗಳ ಮೊನೆಗಳು ಹೊರಗೆ ಕಾಣುತ್ತಿದ್ದವು, ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲು. ಎರಡರ ನಡುವೆ ಹರಗೋಲು ಹೋಯಿತು, ಎರಡೂ ಕಡೆ ಒಂದೊಂದು ಮೊಳ ಬಿಟ್ಟು. ಕೈ ಚಾಚಿದ್ದರೆ ಮೊನೆ ಮುಟ್ಟುತ್ತಿತ್ತು. ಎರಡು ತಿಂಗಳು ದಿನಾ ನಾವು ಇದೇ ಸಂದಿಯಲ್ಲಿ ಹಾದುಹೋಗಿದ್ದೆವು, ಹೇಳಿದವಳಿಗೂ ತಿಳಿಯದೆ, ಹುಟ್ಟು ಹಾಕಿದವರಿಗೂ ಕಾಣದೆ.

ಆಚೆ ದಾಟಿದ ಮೇಲೆ ಇಬ್ಬರೂ ಹಿಂತಿರುಗಿ ನೋಡಿದೆವು.

"ಈ ದಾರಿ ನಮ್ಮಪ್ಪಗೂ ಗೊತ್ತಿರಲಿಲ್ಲ" ಅಂದರು.

"ಇನ್ಮ್ಯಾಲ ನೀವs ನೋಡ್ಕೊಂಡು ಹೋಗ್ರೀಪಾ. ನಾ ಮನ್ಯಾಗ ಇರ್ತೀನಿ" ಅಂದೆ.

"ಇನ್ನೊಂದು ಕಣ್ಣು ಶ್ರಾವಣ ಆದ ಮ್ಯಾಲ ಅಂದಾರ. ಅಲ್ಲೀತನ ಬರಬೇಕು."

"ಆಮ್ಯಾಲ?"

"ಆಮ್ಯಾಲಿಂದು ಆಮ್ಯಾಲ. ಎಡಕಿನ ಬಂಡಿ ಎಲ್ಲೈತಿ ಈಗ, ಅದನ್ನ ಹೇಳು."

ಹೇಳಿದೆ. ಅವರು ಹುಟ್ಟು ತಿರುಗಿಸಿದರು.